ನಡುವೆ ಭರೂಚ್

ಗುಜರಾತಿನಲ್ಲಿ ‘ಅಪ್-ಡೌನ್’ ಎನ್ನುವುದೂ ಒಂದು ಕಸುಬು. ಹೊಸಬರು ಸಿಕ್ಕರೆ ಏನು ಕೆಲಸ ಎಂದು ಕೇಳಿ, ಆಮೇಲೆ ಅಪ್-ಡೌನ್ ಮಾಡುತ್ತೀರಾ ಎಂದು ಕೇಳುತ್ತಾರೆ. ಹೌದು ಎಂದರೆ, ಸಕ್ಕರೆ ಕಾಯಿಲೆ ಇದೆ ಎಂದವರನ್ನು ನೋಡುವ ಹಾಗೆ ಒಮ್ಮೆ ನೋಡಿ ಸುಮ್ಮನಾಗುತ್ತಾರೆ. ಮೇದಿನಿ ಮದುವೆಯಾದ ಮರುವಾರದಿಂದ ಅಪ್-ಡೌನ್ ಮಾಡುತ್ತಿದ್ದಳು. ಮನೆ ವಡೋದರಾದ ಮಾಂಜಲ್‌ಪುರದಲ್ಲಿ, ಕೆಲಸ ರೈಲಿನಲ್ಲಿ ಎರಡು ಗಂಟೆ ದೂರದ, ಸೂರತ್ತಿನಾಚೆಯ ಉಧ್ನಾದಲ್ಲಿ.

ಕತ್ತಲಿರುವಾಗಲೇ ಎದ್ದು, ಚಪಾತಿ ಮಾಡಿ, ಅರ್ಧ ಅವನ ಡಬ್ಬಿಗೆ ಅರ್ಧ ತನ್ನ ಡಬ್ಬಿಗೆ ಹಾಕಿ, ಅವನನ್ನು ಎಬ್ಬಿಸಿ, ಸ್ಕೂಟರಿನ ಹಿಂದೆ ಕೂತು ಸ್ಟೇಷನ್ನಿಗೆ ಹೋಗುತ್ತಿದ್ದಳು. ಅವನು, ಅಂದರೆ ಗಂಡ ಗುರುಕಿರಣ್, ಅವಳನ್ನು ಬಿಟ್ಟು ಮನೆಗೆ ಹೋಗಿ ಮತ್ತೆ ಮಲಗುತ್ತಿದ್ದ. ಅವನ ಕಂಪನಿ ಮಕರಪುರಾದಲ್ಲಿ. ವಾಲ್ವ್ ತಯಾರಿಸುವ ಕಾರ್ಖಾನೆಯ ಪರ್ಚೇಸ್ ವಿಭಾಗ. ಸ್ಕೂಟರ್ ಬಿಸಿಯಾಗುವ ಮೊದಲೇ ಆಫೀಸು ಬಂದುಬಿಡುತ್ತಿತ್ತು.

ಮದುವೆ ಮಾತುಕತೆಯಲ್ಲೇ ಇದು ತೀರ್ಮಾನವಾಗಿತ್ತು. ದಾವಣಗೆರೆಯ ಅವಳ ಮನೆಯ ನಡುಮನೆಯಲ್ಲಿ ಕೂತು ತುಮಕೂರಿನ ಮಾವ, ಗುರುಕಿರಣನ ಅಪ್ಪ, ಹೇಳಿದ್ದರು: “ಹುಡುಗಿ ಕೆಲಸ ಬಿಡ್ಲೇಬೇಕು ಅಂತ ನಮ್ಮದೇನೂ ಇಲ್ಲ. ಓಡಾಡ್ತೀನಿ ಅಂದ್ರೆ ಓಡಾಡ್ಲಿ.” ಎಲ್ಲರೂ ತಲೆಯಾಡಿಸಿದ್ದರು. ಎಂಥ ಉದಾರಿಗಳು ಎಂದು ಅವಳಿಗೂ ಅನ್ನಿಸಿತ್ತು.

ಮದುವೆಗೆ ಮೊದಲಿನಿಂದಲೂ ಅವಳ ಕೆಲಸ ಪಾಲಿಯೆಸ್ಟರ್ ಸೀರೆಗೆ ಬಣ್ಣ ಹಾಕುವ ಮಿಲ್ಲಿನ ಲ್ಯಾಬಿನಲ್ಲಿ. ವ್ಯಾಪಾರಿ ಅಂಗೈಯಗಲದ ಒಂದು ಬಟ್ಟೆ ತುಂಡು ಕಳಿಸುತ್ತಾನೆ, ಇದೇ ಬಣ್ಣ ಬೇಕು ಎನ್ನುತ್ತಾನೆ. ಯಾವ ಯಾವ ಬಣ್ಣದ ಪುಡಿ ಎಷ್ಟೆಷ್ಟು ಸೇರಿದರೆ ಆ ಶೇಡ್ ಬರುತ್ತದೆಂದು ಅವಳು ಕಂಡುಹಿಡಿಯಬೇಕು. ತಪ್ಪಿದರೆ ಒಂದಿಡೀ ಲಾಟಿನ ಸೀರೆ ಹಾಳು. ಅವಳದು ಸಾಮಾನ್ಯವಾಗಿ ತಪ್ಪುತ್ತಿರಲಿಲ್ಲ. ಟೆಕ್ಸ್‌ಟೈಲ್ ಓದಿದವರು ಉಧ್ನಾದಲ್ಲಿ ಬೇಕಾದಷ್ಟು ಜನ ಇದ್ದರು. ಬಣ್ಣ ನೋಡುವ ಕಣ್ಣು ಎಲ್ಲರಿಗೂ ಇರಲಿಲ್ಲ.

ಹೋಗುವುದು ಬರುವುದು ಅವಳ ಮೈಗೆ ಹತ್ತಿಬಿಟ್ಟಿತ್ತು. ರಾತ್ರಿ ಮಲಗಿದರೆ ಮಂಚ ಅಲುಗುತ್ತಿತ್ತು. ಭಾನುವಾರ ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಲ್ಕನಿಗೆ ಸುಮ್ಮನೆ ತಿರುಗುತ್ತಿದ್ದಳು.

“ಇವತ್ತಾದ್ರೂ ಒಂದು ಕಡೆ ಕೂತ್ಕೋಬಾರ್ದಾ?” ಎನ್ನುತ್ತಿದ್ದ ಗುರುಕಿರಣ್.

“ಕೂತ್ರೆ ಗಾಡಿ ತಪ್ಪುತ್ತೆ ಅನ್ಸುತ್ತೆ ಕಣ್ರೀ.”

“ಯಾವ ಗಾಡಿ?”

“ಯಾವ್ದೋ.”

ಅವನ ಆಫೀಸಿನ ಗೆಳೆಯ, ಗದಗಿನ ಬಸವರಾಜ, ಒಂದು ಕೆಲಸ ಹುಡುಕಿಕೊಟ್ಟಿದ್ದ. ಮಕರಪುರಾದಲ್ಲೇ ಪೇಂಟ್ ಕಂಪನಿ. ಲ್ಯಾಬಿಗೆ ಒಬ್ಬರು ಬೇಕು. ಸೋಮವಾರದೊಳಗೆ ಹೇಳಬೇಕು. ಮೇದಿನಿ ಹೋಗಿ ನೋಡಿಬಂದಿದ್ದಳು. ಡಬ್ಬಿಯಿಂದ ಪೇಂಟ್ ತೆಗೆದು, ಗಟ್ಟಿಯಾಗಿದೆಯೋ ತೆಳ್ಳಗಿದೆಯೋ ಅಳೆದು, ಬರೆದಿಡುವುದು. ಬಣ್ಣಗಳನ್ನೆಲ್ಲ ಮುಂಬಯಿಯ ಹೆಡ್ಡಾಫೀಸು ತೀರ್ಮಾನಿಸುತ್ತಿತ್ತು.

“ಅದು ಪಾಯಸ ಗಟ್ಟಿಯಾಗಿದೆಯಾ ಅಂತ ನೋಡೋ ಕೆಲಸ,” ಎಂದಳು.

“ಮನೆಗೆ ಹತ್ತಿರ ಅಲ್ವಾ?”

“ಹತ್ತಿರ ಹೌದು.”

“ನಾನೇನೂ ಬಲವಂತ ಮಾಡಲ್ಲ. ನಿನ್ನಿಷ್ಟ.”

ಈ ಮಾತಿಗೆ ಅವಳಿಗೆ ರೇಗುತ್ತಿತ್ತು. ಬಿಡು ಎಂದಿದ್ದರೆ ಜಗಳವಾಡಬಹುದಿತ್ತು. ಬಿಡಬೇಡ ಎಂದಿದ್ದರೆ ಅದಕ್ಕೂ ಜಗಳವಾಡಬಹುದಿತ್ತು.

ಆ ಗುರುವಾರ ಗಾಡಿ ಕೀಮ್ ಸ್ಟೇಷನ್ನಿನಾಚೆ ನಿಂತಿತು. ಯಾಕೆಂದು ಯಾರಿಗೂ ಗೊತ್ತಿಲ್ಲ. ಲೇಡೀಸ್ ಡಬ್ಬಿಯ ಹೆಂಗಸರು ಮೊದಲು ರೈಲ್ವೆಯನ್ನು ಬೈದರು, ಆಮೇಲೆ ಅತ್ತೆಯರನ್ನು, ಆಮೇಲೆ ಬೈಯುವುದಕ್ಕೆ ಯಾರೂ ಉಳಿಯದೆ ನಿದ್ದೆ ಹೋದರು. ಮೇದಿನಿ ಬಾಗಿಲಿನಲ್ಲಿ ನಿಂತು ಹಳಿಯ ಪಕ್ಕದ ಕಬ್ಬಿನ ಗದ್ದೆ ನೋಡಿದಳು. ಇಳಿದು ನಡೆದುಬಿಡೋಣ ಎನ್ನಿಸಿತು. ಎಲ್ಲಿಗೆ ಎನ್ನುವುದು ಹೊಳೆಯಲಿಲ್ಲ.

ಅವಳು ಮಿಲ್ಲು ಮುಟ್ಟುವಷ್ಟರಲ್ಲಿ ಅನಾಹುತ ಆಗಿಹೋಗಿತ್ತು. ರಾಣಿ ಬಣ್ಣದ ಲಾಟು. ರಾಣಿ ಎಂದರೆ ಆ ಕಡೆಯವರು ಮದುವೆಗೆ ಬಿಡದೆ ಉಡುವ ಕಡುಗುಲಾಬಿ. ಅವಳಿಗೆ ಕಾಯದೆ ಸೂಪರ್‌ವೈಸರ್ ಹಳೆಯ ಅಳತೆ ಹಾಕಿ ಮೆಷಿನ್ ಓಡಿಸಿದ್ದ. ಹೊರಬಂದ ಸೀರೆ ಗುಲಾಬಿಯೂ ಅಲ್ಲ, ನೇರಳೆಯೂ ಅಲ್ಲ. ಸಂಜೆಯವರೆಗೆ ಅವಳು ಅದನ್ನು ಸರಿಮಾಡಲು ಒದ್ದಾಡಿದಳು. ಲ್ಯಾಬಿನಲ್ಲಿ ಸರಿ ಕಂಡದ್ದು ಹೊರಗೆ ತಂದರೆ ನೀಲಿಗೆ ತಿರುಗುತ್ತಿತ್ತು. ಮಾಲೀಕ ಕೀರ್ತಿಭಾಯಿ ಎರಡು ಸಲ ಬಂದು ನೋಡಿ, ಎರಡು ಸಲವೂ ಬಾಯಿಗೆ ಬಂದದ್ದನ್ನು ಅಂದು ಹೋದ. ಅವಳಿಗಲ್ಲ, ಸೂಪರ್‌ವೈಸರನಿಗೆ. ಆದರೆ ಅವಳ ಮುಂದೆ.

ಗಾಡಿಯ ಹೊತ್ತಾದಾಗ ಅವಳು ಕೈ ತೊಳೆದುಕೊಂಡಳು. ಉಗುರಿನ ಸಂದಿಯ ಗುಲಾಬಿ ಹೋಗಲಿಲ್ಲ. ನೇರ ಕೀರ್ತಿಭಾಯಿಯ ಕ್ಯಾಬಿನ್ನಿಗೆ ಹೋದಳು. ಅವನು ಫೋನಿನಲ್ಲಿ ಯಾರನ್ನೋ ಸಮಾಧಾನ ಮಾಡುತ್ತಿದ್ದ. ಅವನು ಫೋನು ಇಡಲಿ ಎಂದು ಕಾದರೆ ತಾನು ಹೇಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

“ಸರ್, ಅಬ್ ಮುಝ್‌ಸೇ ನಹೀಂ ಹೋಗಾ,” ಎಂದಳು. ಇನ್ನು ನನ್ನ ಕೈಲಾಗಲ್ಲ ಎನ್ನುವ ಕನ್ನಡವನ್ನೇ ಹಿಂದಿಗೆ ಹಾಕಿದ್ದಳು. “ಬಹುತ್ ಹೋ ಗಯಾ.”

ಕೀರ್ತಿಭಾಯಿ ಫೋನಿನ ಬಾಯಿಗೆ ಕೈ ಅಡ್ಡ ಹಿಡಿದ. “ಠೀಕ್ ಹೈ, ಠೀಕ್ ಹೈ. ದೇಖತೇ ಹೈಂ.”

ಅಷ್ಟೇ. ವಾದ ಇಲ್ಲ, ಯಾಕೆ ಎನ್ನುವ ಪ್ರಶ್ನೆಯೂ ಇಲ್ಲ. ಇಷ್ಟು ಸುಲಭವೇ ಎಂದು ಅವಳಿಗೆ ಸ್ವಲ್ಪ ಅವಮಾನವೂ ಆಯಿತು. ಬಾಗಿಲು ತಳ್ಳುತ್ತ, ಹುಟ್ಟಿದಾಗಿನಿಂದ ಯಾರ ಮನೆಯಿಂದ ಹೊರಟರೂ ಹೇಳಿಕೊಂಡು ಬಂದ ಮಾತನ್ನೇ ಹೇಳಿದಳು. “ಆತೀ ಹೂಂ, ಸರ್.”

ಕೀರ್ತಿಭಾಯಿ ಕೈ ಎತ್ತಿದ.

ಆ ಸಂಜೆ ಗುರುಕಿರಣ್ ಆಲೂಗಡ್ಡೆಯ ಲೀಲೋ ಚೇವಡೊ ತಂದ, ಬಾಸುಂದಿ ತಂದ, ಬಸವರಾಜನಿಗೆ ಫೋನು ಮಾಡಿ “ಮುಗೀತಪ್ಪಾ, ಸೋಮವಾರ ಬಂದು ಮಾತಾಡ್ತಾಳೆ” ಎಂದ. ಅವನ ಸಂತೋಷ ನೋಡಿ ಅವಳಿಗೆ ಆಶ್ಚರ್ಯವಾಯಿತು. ‘ನಿನ್ನಿಷ್ಟ’ ಎನ್ನುವುದರ ಅಡಿಯಲ್ಲಿ ಇಷ್ಟೊಂದು ಅವನಿಷ್ಟ ಇತ್ತೆಂದು ಗೊತ್ತಿರಲಿಲ್ಲ.

“ಮೊದಲೇ ಹೇಳ್ಬಹುದಿತ್ತಲ್ಲ ನೀವು.”

“ಹೇಳಿದ್ರೆ, ಗಂಡ ಕೆಲಸ ಬಿಡಿಸ್ದ ಅಂತ ನಿಮ್ಮಪ್ಪ ಊರೆಲ್ಲ ಹೇಳ್ತಿದ್ರು.”

ಮರುದಿನ ಅದೇ ಹೊತ್ತಿಗೆ ಎಚ್ಚರವಾಯಿತು. ಏಳಬೇಕಿರಲಿಲ್ಲ. ಮಲಗಿದ್ದಳು. ಆಮೇಲೆ ಎದ್ದಳು. ಅವನು ಆಫೀಸಿಗೆ ಹೋದ ಮೇಲೆ ಡಬ್ಬಗಳನ್ನೆಲ್ಲ ಇಳಿಸಿ ಕಪಾಟು ಒರೆಸಿದಳು. ಹಾಲು ಕಾಯಲು ಇಟ್ಟು, ಒಲೆಯ ಮುಂದೆ ನಿಂತು, ಆ ರಾಣಿಗೆ ನೇರಳೆ ಹಾಕಿದ್ದೇ ತಪ್ಪು, ಮೊದಲು ಹಾಕಿದ್ದ ಗುಲಾಬಿಯೇ ಬೇರೆ ಕಂಪನಿಯದಿರಬೇಕು ಎಂದುಕೊಂಡಳು. ಹಾಲು ಉಕ್ಕಿ ಚೆಲ್ಲಿತು. ಒರೆಸಿದಳು. ಮತ್ತೆ ಅದೇ ಯೋಚನೆ. ಸ್ಟೌ ಒರೆಸುತ್ತ ಇದ್ದಾಗ ಮೊಬೈಲು ಹೊಡೆದುಕೊಂಡಿತು.

“ಎಲ್ಲಿದ್ದೀಯಾ ಬೆನ್?” ಕೀರ್ತಿಭಾಯಿಯ ದನಿ. ಅವನ ಹಿಂದಿ ಅರ್ಧ ಗುಜರಾತಿ. “ಇವತ್ತೂ ಗಾಡಿ ನಿಂತಿದೆಯಾ?”

“ಮನೇಲಿದ್ದೀನಿ, ಸರ್.”

“ಮನೇಲಿ? ಪಾರ್ಟಿ ಇಲ್ಲಿ ನನ್ನ ತಲೆ ಮೇಲೆ ಕೂತಿದ್ದಾನೆ! ನಿನ್ನೆ ಬರ್ತೀನಿ ಅಂತ ಹೇಳಿಹೋದೆ. ಈಗ ಬರ್ತಾಳೆ ಈಗ ಬರ್ತಾಳೆ ಅಂತ ನಾನು ಕ್ಯಾಬಿನ್ನಿನಲ್ಲಿ ಕಾದೆ. ಕಾದು ಕಾದು ನನ್ನ ಹೆಂಡತಿ ಹತ್ರ ಬೈಸಿಕೊಂಡೆ.”

“ಸರ್, ನಾನು ಕೆಲಸ ಬಿಟ್ಟಿದ್ದೀನಿ.”

“ಯಾವಾಗ?”

“ನಿನ್ನೆ. ನಿಮಗೇ ಹೇಳಿದ್ನಲ್ಲ. ಮುಝ್‌ಸೇ ನಹೀಂ ಹೋಗಾ ಅಂತ.”

“ಅದು ರಾಣಿ ಬಗ್ಗೆ ಅಲ್ವಾ? ಈ ಶೇಡ್ ನನ್ನಿಂದಾಗಲ್ಲ ಅಂತ ಹೇಳ್ತಿದ್ದೀಯ ಅಂತ ನಾನು ತಿಳಿದೆ. ನೋಡೋಣ ಅಂದೆ. ಅದಕ್ಕೆ ನೀನು ಬರ್ತೀನಿ ಅಂದೆ. ಕೆಲಸ ಬಿಡೋಳು ಬರ್ತೀನಿ ಅಂತ ಯಾಕೆ ಹೇಳ್ತಾಳೆ?”

“ನಮ್ಮಲ್ಲಿ ಹೋಗೋರು ಹಾಗೇ ಹೇಳೋದು, ಸರ್.”

“ಹೋಗೋರು ಬರ್ತೀನಿ ಅಂತಾರಾ? ಹಾಗಾದ್ರೆ ಬರೋರು ಏನಂತಾರೆ? ಹೋಗ್ತೀನಿ ಅಂತಾರಾ?”

ಅವಳಿಗೆ ನಗು ಬಂತು, ಕೋಪವೂ ಬಂತು. ಒಂದಿಡೀ ವರ್ಷ ಗುದ್ದಾಡಿ ತೆಗೆದುಕೊಂಡ ತೀರ್ಮಾನ ಅವನ ಕಿವಿಗೆ ಬಿದ್ದೇ ಇರಲಿಲ್ಲ. ಈಗ ಮತ್ತೆ ಮೊದಲಿನಿಂದ ಹೇಳಬೇಕು. ಹೇಳಲು ಬಾಯಿ ತೆರೆದಳು.

“ಆ ಗುಲಾಬಿ ಪುಡಿ ಹೊಸ ಡ್ರಮ್ಮಿನದ್ದಾ, ಸರ್?” ಎಂದಳು.

“ನನಗೇನು ಗೊತ್ತು? ಬಂದು ನೋಡು. ಬಿಡೋದಿದ್ರೆ ನಾಳೆ ಬಿಡು.”

ಪಾಸ್‌ಹೋಲ್ಡರುಗಳ ಗಾಡಿ ಯಾವಾಗಲೋ ಹೋಗಿತ್ತು. ಸಿಕ್ಕಿದ ಗಾಡಿಯ ಜನರಲ್ ಡಬ್ಬಿಯಲ್ಲಿ, ಕಕ್ಕಸಿನ ಬಾಗಿಲ ಪಕ್ಕ ನಿಂತುಕೊಂಡು ಸೂರತ್ತಿಗೆ ಹೋದಳು. ಯಾಕೆ ಹೋಗುತ್ತಿದ್ದೇನೆ ಎಂದು ತನ್ನನ್ನು ತಾನೇ ಕೇಳಿಕೊಂಡಳು. ಸಂಬಳಕ್ಕಲ್ಲ, ಪೇಂಟ್ ಕಂಪನಿಯವರೂ ಹೆಚ್ಚುಕಡಿಮೆ ಅಷ್ಟೇ ಕೊಡುತ್ತಿದ್ದರು. ಕೀರ್ತಿಭಾಯಿಯ ಮೇಲಿನ ಗೌರವಕ್ಕಂತೂ ಖಂಡಿತ ಅಲ್ಲ. ಆ ಬಣ್ಣ ಯಾಕೆ ನೀಲಿಗೆ ಹೋಗುತ್ತದೆ ಎಂದು ತಿಳಿಯದೆ ಇರಲಾಗುತ್ತಿರಲಿಲ್ಲ. ಪಾಯಸ ಅಳೆಯುವ ಕೆಲಸದಲ್ಲಿ ಹೀಗೆ ಒಲೆಯ ಮುಂದೆ ಹಾಲು ಉಕ್ಕುವುದಿಲ್ಲ.

ಡ್ರಮ್ಮು ಹೊಸದೇ. ಅದರ ಗುಲಾಬಿ ಟ್ಯೂಬ್‌ಲೈಟಿನ ಕೆಳಗೆ ಒಂದು ಥರ, ಬಿಸಿಲಲ್ಲಿ ಇನ್ನೊಂದು ಥರ ಕಾಣುತ್ತಿತ್ತು. ನೇರಳೆ ಪೂರಾ ತೆಗೆದು ಚೂರು ಕೆಂಪು ಕೊಟ್ಟಳು. ತುಂಡನ್ನು ಹಿಡಿದು ಲೋಡಿಂಗ್ ಬಾಗಿಲಿಗೆ ಓಡಿ ಬಿಸಿಲಲ್ಲಿ ನೋಡಿದಳು. ವಾಪಸು ಬಂದು ಇನ್ನಷ್ಟು ಕೊಟ್ಟಳು. ಮಧ್ಯಾಹ್ನ ಕಳೆಯುವಷ್ಟರಲ್ಲಿ ರಾಣಿ ರಾಣಿಯ ಹಾಗೆ ಬಂತು. ಪಾರ್ಟಿ ತುಂಡನ್ನು ಹಿಂದೆ ಮುಂದೆ ತಿರುಗಿಸಿ, ಏನೂ ಹೇಳದೆ ಜೇಬಿಗಿಟ್ಟುಕೊಂಡು ಹೋದ. ಸೂರತ್ತಿನ ವ್ಯಾಪಾರಿ ಏನೂ ಹೇಳದಿದ್ದರೆ ಅದೇ ಮೆಚ್ಚುಗೆ.

ಕೀರ್ತಿಭಾಯಿ ಚಹಾ ತರಿಸಿದ. “ಈಗ ಹೇಳು. ಬಿಡ್ತೀಯಾ?”

“ಬಿಡ್ಬೇಕು ಅಂತಿಲ್ಲ, ಸರ್. ಓಡಾಡೋಕೆ ಆಗ್ತಿಲ್ಲ.”

“ಓಡಾಡ್ಬೇಡ. ಇಲ್ಲೇ ಮನೆ ಮಾಡು.”

“ನನ್ನ ಗಂಡನ ಕೆಲಸ ವಡೋದರಾದಲ್ಲಿ.”

“ಅವನಿಗೆ ಹೇಳು, ಅಪ್-ಡೌನ್ ಮಾಡು ಅಂತ,” ಎಂದ ಕೀರ್ತಿಭಾಯಿ, ಬಿಸ್ಕೆಟ್ಟನ್ನು ಚಹಾದಲ್ಲಿ ಅದ್ದುತ್ತ. ತಮಾಷೆಗೆ ಹೇಳಿದ್ದ. ಬಿಸ್ಕೆಟ್ ಮುರಿದು ಕಪ್ಪಿನೊಳಕ್ಕೆ ಬಿತ್ತು. ಅದನ್ನು ಚಮಚದಿಂದ ಹುಡುಕುತ್ತ ಅವನು ಆ ಮಾತು ಮರೆತ. ಮೇದಿನಿ ಮರೆಯಲಿಲ್ಲ. ದಾವಣಗೆರೆಯ ನಡುಮನೆಯಲ್ಲಿ ಅಷ್ಟು ಜನ ಕೂತಿದ್ದರು. ಒಬ್ಬರ ಬಾಯಲ್ಲೂ ಈ ಮಾತು ಬಂದಿರಲಿಲ್ಲ. ಅವಳ ಬಾಯಲ್ಲೂ.

ಸಂಜೆಯ ಗಾಡಿಯಲ್ಲಿ ಅವಳ ಜಾಗ ಹಾಗೇ ಇತ್ತು. ಹಂಸಾಬೆನ್ ಅದರ ಮೇಲೆ ಪಾಪಡಿ ಅವರೆಕಾಯಿಯ ಚೀಲ ಇಟ್ಟು ಕಾದಿದ್ದಳು. ಸೂರತ್ತಿನ ಒಂದು ಶಾಲೆಯಲ್ಲಿ ಗುಮಾಸ್ತೆ, ಭರೂಚಿನಿಂದ ಬಂದುಹೋಗುವವಳು. ಸಂಜೆಯ ತರಕಾರಿಯನ್ನು ಗಾಡಿಯಲ್ಲೇ ಬಿಡಿಸಿ ಮುಗಿಸುತ್ತಿದ್ದಳು. ನಡೆದದ್ದನ್ನು ಮೇದಿನಿ ಹೇಳಿದಾಗ ಹಂಸಾಬೆನ್ ನಕ್ಕು ನಕ್ಕು ಬಿಡಿಸಿದ ಕಾಳನ್ನೆಲ್ಲ ಸಿಪ್ಪೆಯ ಕಡೆ ಹಾಕಿಬಿಟ್ಟಳು.

“ಬರ್ತೀನಿ ಅಂದು ಬಂದೆ! ಅವನೇನು ತಪ್ಪು ತಿಳಿದ? ಸರಿಯಾಗೇ ತಿಳಿದಿದ್ದಾನೆ.”

“ನಗಬೇಡಿ ಹಂಸಾಬೆನ್. ನೀವು ಇಷ್ಟು ವರ್ಷ ಹೇಗೆ ಮಾಡಿದ್ರಿ? ನಿಮಗೆ ಇದು ಬೇಕು ಅನ್ಸುತ್ತಾ?”

“ನಂದು ನಿನ್ನಷ್ಟು ದೂರ ಎಲ್ಲಿ? ನರ್ಮದೆ ದಾಟಿದ್ರೆ ನನ್ನ ಮನೆ. ನೀನು ಆಮೇಲೂ ಕೂತಿರ್ತೀಯ.” ಪಾಪಡಿಯ ನಾರು ಎಳೆದಳು. “ನಮ್ಮವರ ಕೋರ್ಟು ಕೆಲಸ ವಡೋದರಾದಲ್ಲಿ, ನನ್ನ ಸ್ಕೂಲು ಸೂರತ್ತಿನಲ್ಲಿ. ಮದುವೆಯಾದಾಗ ಹೊಡೆದಾಟವೇ ಆಯ್ತು. ವಡೋದರಾಕ್ಕೆ ಬಾ ಅಂದ್ರು. ನೀವೇ ಸೂರತ್ತಿಗೆ ಬನ್ನಿ ಅಂದೆ. ಇಬ್ಬರೂ ಬರಲಿಲ್ಲ. ಭರೂಚಿನಲ್ಲಿ ನಮಗೆ ನಾಯಿಯೂ ಪರಿಚಯ ಇರಲಿಲ್ಲ. ಅಲ್ಲೇ ಮನೆ ಮಾಡಿದ್ವಿ.”

ಗಾಡಿ ನರ್ಮದೆಯ ಸೇತುವೆ ದಾಟಿತು. ಹೆಂಗಸರು ಕಿಟಕಿಯಿಂದ ಕೈಮುಗಿದರು. ಮೇದಿನಿ ದಿನಾ ಎರಡು ಸಲ ಈ ಊರನ್ನು ಹಾದುಹೋಗುತ್ತಿದ್ದಳು. ಅವಳಿಗೆ ಭರೂಚ್ ಎಂದರೆ ಉಪ್ಪು ಹಚ್ಚಿದ ಕಡಲೆಕಾಯಿ ಮಾರುವವರು ಹತ್ತುವ ಸ್ಟೇಷನ್, ಅಷ್ಟೇ.

ಹಂಸಾಬೆನ್ ಜೊತೆ ಇಳಿದಳು. ಯಾಕೆ ಎಂದು ಹಂಸಾಬೆನ್ ಕೇಳಲಿಲ್ಲ. ಆಚೆಯ ಪ್ಲಾಟ್‌ಫಾರಮ್ಮಿಗೆ ವಡೋದರಾ ಕಡೆಯಿಂದ ಗಾಡಿ ಬಂದು ನಿಂತಿತು. ಬಕ್ಕತಲೆಯ ಒಬ್ಬ ಮನುಷ್ಯ ಕೈಚೀಲ ಹಿಡಿದು ಇಳಿದ. “ಕೊತ್ತಂಬರಿ ತಂದ್ರಾ?” ಎಂದು ಹಂಸಾಬೆನ್ ಹಳಿಯ ಈಚೆಯಿಂದಲೇ ಕೂಗಿದಳು. ಅವನು ಹಣೆ ಬಡಿದುಕೊಂಡ. ಅವಳು ಇಡೀ ಪ್ಲಾಟ್‌ಫಾರಮ್ಮಿಗೆ ಕೇಳುವ ಹಾಗೆ ಬೈದಳು. ಅವನು ಮೇಲ್ಸೇತುವೆ ಹತ್ತಿ ಈ ಕಡೆ ಬರುವವರೆಗೂ ಬೈದಳು. ಆಮೇಲೆ ಇಬ್ಬರೂ ಒಂದೇ ಸೈಕಲ್ ಸ್ಟಾಂಡಿನ ಕಡೆ ನಡೆದರು.

“ಹಂಸಾಬೆನ್,” ಎಂದು ಮೇದಿನಿ ಹಿಂದಿನಿಂದ ಕೂಗಿದಳು. “ನಿಮ್ಮ ಕಡೆ ಬಾಡಿಗೆ ಮನೆ ಇದೆಯಾ?”

ಭಾನುವಾರ ಬೆಳಿಗ್ಗೆ ಗುರುಕಿರಣ್ ಬಾಲ್ಕನಿಯಲ್ಲಿ ಸ್ಕೂಟರಿನ ಪ್ಲಗ್ ಉಜ್ಜುತ್ತ ಕೂತಿದ್ದಾಗ ಅವಳು ಹೇಳಿದಳು. ಶುಕ್ರವಾರ ಅವಳು ಮತ್ತೆ ಸೂರತ್ತಿಗೆ ಹೋದದ್ದಕ್ಕೇ ಅವನು ಮುಖ ಊದಿಸಿಕೊಂಡಿದ್ದ.

“ಭರೂಚಾ? ಅಲ್ಲಿ ನಮಗೆ ಯಾರು ಗೊತ್ತು?”

“ವಡೋದರಾದಲ್ಲಿ ನಂಗೆ ಯಾರು ಗೊತ್ತಿದ್ರು?”

“ಇಲ್ಲಿ ಕನ್ನಡದವ್ರಿದ್ದಾರೆ, ಸಂಘ ಇದೆ, ಬಸವರಾಜ ಇದ್ದಾನೆ.”

“ಬಸವರಾಜ ನಿಮಗೆ ಆಫೀಸಲ್ಲೇ ಸಿಗ್ತಾನೆ.”

“ಬಸವರಾಜಂಗೆ ನಾನು ಏನಂತ ಹೇಳ್ಲಿ? ಪಾಪ, ಅವ್ನು ಅಲ್ಲೆಲ್ಲ ಮಾತಾಡಿ ಇಟ್ಟಿದ್ದಾನೆ.”

“ನಾನು ಹೇಳ್ತೀನಿ. ನನ್ನ ಕೆಲಸದ ಮಾತು, ನಾನೇ ಹೇಳ್ತೀನಿ.”

ಅವನು ಪ್ಲಗ್ಗನ್ನು ಇನ್ನೂ ಜೋರಾಗಿ ಉಜ್ಜಿದ. “ಅಲ್ವೇ, ಆಫೀಸು ಇಲ್ಲೇ ಇರೋವಾಗ ನಾನ್ಯಾಕೆ ಅಪ್-ಡೌನ್ ಮಾಡ್ಬೇಕು?”

ಮೇದಿನಿ ಹಗ್ಗದ ಮೇಲಿನ ಬಟ್ಟೆ ತೆಗೆಯತೊಡಗಿದಳು. ಕೆಳಗೆ ಯಾರೋ ಹಳೇ ಪೇಪರಿನವನನ್ನು ಕರೆಯುತ್ತಿದ್ದರು. ಗುರುಕಿರಣ್ ಆಡಿದ ಮಾತು ಅವನಿಗೇ ಕೇಳಿಸಿತು. ಅವನು ಕೆಟ್ಟವನಲ್ಲ; ಆ ಪ್ರಶ್ನೆ ಅವನಿಗೆ ಆವರೆಗೆ ಬೇಕಾಗಿರಲಿಲ್ಲ ಅಷ್ಟೇ.

“ನಾನು ಹಾಗೆ ಹೇಳ್ಲಿಲ್ಲ,” ಎಂದ.

“ಹಾಗೇ ಹೇಳಿದ್ರಿ. ತಪ್ಪೇನಿಲ್ಲ. ನಾನೂ ಅದನ್ನೇ ಕೇಳ್ಬೇಕಿತ್ತು, ಕೇಳ್ಲಿಲ್ಲ.” ಅವಳ ದನಿ ಏರಲಿಲ್ಲ. “ಅರ್ಧ ದೂರ ನಾನು ಹೋಗ್ತೀನಿ. ದಿನಾ. ಅದಕ್ಕೆ ನಂಗೆ ಬೇಜಾರಿಲ್ಲ, ಆ ಕೆಲಸಕ್ಕೆ ಅಷ್ಟು ಹೋಗ್ಬಹುದು. ಪೂರ್ತಿ ಹೋಗಲ್ಲ.”

“ನಾನು ಬರಲ್ಲ ಅಂದ್ರೆ?”

“ಹಂಸಾಬೆನ್ ಮನೆ ಕೆಳಗಡೆ ಎರಡು ರೂಮಿದೆ. ಒಂದನೇ ತಾರೀಖಿಂದ ನಾನು ಅಲ್ಲಿರ್ತೀನಿ. ಭಾನುವಾರ ನೀವು ಬನ್ನಿ, ಇಲ್ಲಾ ನಾನು ಬರ್ತೀನಿ.”

ಗುರುಕಿರಣ್ ಅವಳ ಮುಖ ನೋಡಿದ. ಹೆದರಿಸುತ್ತಿದ್ದಾಳೋ ಎಂದು ನೋಡಿದ. ಅವಳು ಒಣಗಿದ ಬಟ್ಟೆ ತೆಗೆದು ಮಡಚುತ್ತಿದ್ದಳು, ಅವನದು ಒಂದು ಕಡೆ, ತನ್ನದು ಒಂದು ಕಡೆ. ಅದು ಅವಳು ಯಾವಾಗಲೂ ಮಡಚುವ ರೀತಿಯೇ ಆಗಿತ್ತು. ಆದರೂ ಅವನಿಗೆ ಗಾಬರಿಯಾಯಿತು.

“ಸುಮ್ನೆ ನೋಡ್ಕೊಂಡು ಬರೋಣ,” ಎಂದ ಕೊನೆಗೆ. “ನಾನು ಒಪ್ಪಿದೆ ಅಂತಲ್ಲ.”

“ಸರಿ. ಚಪ್ಪಲಿ ಬೇಡ, ಶೂ ಹಾಕ್ಕೊಳ್ಳಿ. ಕಾಲು ತುಳೀತಾರೆ.”

ಮಧ್ಯಾಹ್ನದ ಪ್ಯಾಸೆಂಜರ್. ಗುರುಕಿರಣ್ ಖಾಲಿ ಸೀಟು ಕಂಡು ಕೂತ. ಕೂತಲ್ಲಿಂದ ಒಬ್ಬ ಹಿರಿಯ ಅವನನ್ನು ಎಬ್ಬಿಸಿದ. “ಕರ್ಚೀಫ್ ಕಾಣಲಿಲ್ವಾ, ಭಾಯಿ?” ಕರ್ಚೀಫು ಗುರುಕಿರಣನ ಕೆಳಗೇ ಇತ್ತು. ಅವನು ಎದ್ದು, ಅದನ್ನು ಕೊಡವಿ ಕೊಟ್ಟು, ಬಾಗಿಲ ಬಳಿ ಮೇದಿನಿಯ ಪಕ್ಕ ಬಂದು ನಿಂತ. ಯಾರೋ ಅವನ ಬೆನ್ನಿಗೆ ಸ್ಟೀಲಿನ ಡಬ್ಬ ಒತ್ತಿದರು. ಯಾರದೋ ಮಗು ಅವನ ಅಂಗಿಯ ತುದಿ ಹಿಡಿದುಕೊಂಡು ನಿಂತಿತು, ತನ್ನಪ್ಪನದೆಂದುಕೊಂಡು. ಇಟೋಲಾ ದಾಟುವಷ್ಟರಲ್ಲಿ ಅವನ ಕಾಲರು ಒದ್ದೆಯಾಗಿತ್ತು.

“ದಿನಾ ಹೀಗೇ ಇರುತ್ತಾ?” ಎಂದ.

“ಇವತ್ತು ಭಾನುವಾರ. ಖಾಲಿ ಇದೆ.”

ಅವನು ಮೇಲಿನ ಹಿಡಿಕೆ ಹಿಡಿದುಕೊಂಡು, ಗಾಡಿ ಅಲುಗಿದ ಕಡೆ ಅಲುಗುತ್ತ, ಹೊರಗೆ ನೋಡಿದ. ಲೆಕ್ಕ ಹಾಕುತ್ತಿದ್ದಾನೋ, ಬೈದುಕೊಳ್ಳುತ್ತಿದ್ದಾನೋ ಅವಳಿಗೆ ತಿಳಿಯಲಿಲ್ಲ. ಕೇಳಲೂ ಇಲ್ಲ. ಮಿಯಾಗಾಂವ್‌ನಲ್ಲಿ ಒಂದು ಸಂಸಾರ ಗಂಟುಮೂಟೆ ಸಮೇತ ಇಳಿಯಿತು. ಅವರು ಬಿಟ್ಟ ಅಷ್ಟೂ ಜಾಗಕ್ಕೆ ಆಗಲೇ ಜನ ಬಿದ್ದಾಗಿತ್ತು, ಕಿಟಕಿಯ ಕಡೆಯ ಒಂದು ಸೀಟು ಬಿಟ್ಟು.

ಗುರುಕಿರಣ್ ಅದನ್ನು ನೋಡಿದ, ಆಮೇಲೆ ಅವಳನ್ನು ನೋಡಿದ. ಅವಳಿಗೆ ರೂಢಿಯಂತೆ ‘ನೀವು ಕೂತ್ಕೊಳ್ಳಿ’ ಎನ್ನುವುದು ನಾಲಗೆಯವರೆಗೆ ಬಂತು.

ಅವಳು ಹೋಗಿ ಕೂತಳು. ಅವನ ಕೈಯಲ್ಲಿದ್ದ ಚೀಲ ಇಸಿದುಕೊಂಡು ತೊಡೆಯ ಮೇಲಿಟ್ಟುಕೊಂಡಳು. ಅವನು ನಿಂತುಕೊಂಡೇ ಬಂದ.